ಮೊಣಕೈ ಯಾರದು, ತಂಡ ಯಾರದು?

ಪಿಟ್ಸ್‌ಬರ್ಗಿನಿಂದ ಓದುಗರೊಬ್ಬರು ಬರೆದಿದ್ದಾರೆ (ಹೆಸರು ಹಾಕಬೇಡಿ ಎಂದಿದ್ದಾರೆ):

"ನಾನು ದಾವಣಗೆರೆಯವನು. ಇಲ್ಲಿಗೆ ಬಂದು 22 ವರ್ಷವಾಯಿತು. ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ಹಿಡಿದಿದ್ದೇನೆ, ಪೈರೇಟ್ಸ್ ನಮ್ಮ ತಂಡ. ಹಿಂದಿನ ಸಂಚಿಕೆಯಲ್ಲಿ ಕ್ರಿಕೆಟಿಗರ ಹರಾಜನ್ನು ಬೈಯುವ ಭರದಲ್ಲಿ ಅಮೆರಿಕದ ಫ್ರೀ ಏಜೆಂಟ್ ಪದ್ಧತಿಯನ್ನು (ಒಪ್ಪಂದ ಮುಗಿದ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗುವುದು) ನೀವು ಹೊಗಳಿದ್ದೀರಿ. ಹೊಗಳುವಂಥದ್ದು ಏನಿದೆ? ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಕೋಟಿಗಟ್ಟಲೆ ಡಾಲರಿಗೆ ಸಹಿ ಹಾಕುತ್ತಾರೆ, ನಾಲ್ಕು ದಿನ ಆಡಿ ಮೊಣಕೈ ಹಿಡಿದುಕೊಂಡು ಮಲಗುತ್ತಾರೆ. ಡಿಗ್ರಾಮ್ ನೋಡಿ, ಸ್ಟ್ರಾಸ್‌ಬರ್ಗ್ ನೋಡಿ. ದುಡ್ಡು ಮಾತ್ರ ಪೂರ್ತಿ. ಬೆಳೆಸಿದ ತಂಡದ ಮೇಲೆ ನಿಷ್ಠೆ ಎಂಬುದೇ ಇಲ್ಲ. ಮಾಲೀಕ ತನ್ನ ದುಡ್ಡು ಹಾಕಿ ತಂಡ ನಡೆಸುತ್ತಾನೆ. ಎಲ್ಲರೂ ಬೈಯುವುದು ಅವನನ್ನೇ. ತಂಡ ಅವನದು, ಇಷ್ಟವಿದ್ದರೆ ಖರ್ಚು ಮಾಡುತ್ತಾನೆ. ನಮ್ಮ ಪಿಚರ್ ಪಾಲ್ ಸ್ಕೀನ್ಸ್ ಕೂಡ ಬಿಟ್ಟು ಹೋದರೆ ನನ್ನ ಮಗನಿಗೆ ಏನು ಹೇಳಲಿ? ನಿಮ್ಮ ಪತ್ರಿಕೆಯ ಪಿಡಿಎಫ್ ಪ್ರತಿ ತಿಂಗಳೂ ನಮ್ಮ ವಾಟ್ಸಾಪ್ ಗುಂಪಿಗೆ ಬರುತ್ತದೆ, ತಪ್ಪದೆ ಓದುತ್ತೇನೆ."

ಸಂಪಾದಕರ ಉತ್ತರ:

ಸ್ವಾಮಿ, ನಿಮ್ಮ ಪತ್ರದ ಕೊನೆಯ ಸಾಲಿಗೆ ಕೊನೆಯಲ್ಲೇ ಬರುತ್ತೇನೆ.

ಮೊದಲು, ನೀವು ಹೇಳಿದ್ದರಲ್ಲಿ ನಿಜವಿದ್ದಷ್ಟನ್ನು ಒಪ್ಪಿಕೊಂಡುಬಿಡುತ್ತೇನೆ. ಜೇಕಬ್ ಡಿಗ್ರಾಮ್ 2022ರ ಡಿಸೆಂಬರಿನಲ್ಲಿ ಟೆಕ್ಸಸ್ ರೇಂಜರ್ಸ್ ಜೊತೆ ಐದು ವರ್ಷಕ್ಕೆ 18.5 ಕೋಟಿ ಡಾಲರಿಗೆ ಸಹಿ ಹಾಕಿದರು, ಮುಂದಿನ ಸೀಸನ್ನಿನಲ್ಲಿ ಆರೇ ಪಂದ್ಯ ಆಡಿ ಶಸ್ತ್ರಚಿಕಿತ್ಸೆಗೆ ಹೋದರು. ಸ್ಟೀಫನ್ ಸ್ಟ್ರಾಸ್‌ಬರ್ಗ್ 2019ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ತಂಡದ ಜೊತೆ ಏಳು ವರ್ಷಕ್ಕೆ 24.5 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡ ಮೇಲೆ ಆಡಿದ್ದು ಒಟ್ಟು ಎಂಟು ಪಂದ್ಯ. ಕಾರ್ಬಿನ್ ಬರ್ನ್ಸ್ 21 ಕೋಟಿಗೆ ಅರಿಜೋನಾಕ್ಕೆ ಹೋದರು. ಆರು ತಿಂಗಳಿಗೆ ಅವರ ಮೊಣಕೈಯೂ ಆಪರೇಷನ್ ಟೇಬಲ್ಲಿನ ಮೇಲಿತ್ತು. ಲೆಕ್ಕ ಬರೆಯುವವನ ಕಣ್ಣಿಗೆ ಇವೆಲ್ಲ ಮುಳುಗಿದ ಸಾಲ. ಒಪ್ಪಿದೆ. ಮಾಲೀಕರ ಪರವಾಗಿ ಇಷ್ಟು ಸಾಕು.

ಆದರೆ ನೀವು ಡಿಗ್ರಾಮ್ ಮಲಗಿದ್ದನ್ನು ಬರೆದಿರಿ, ಎದ್ದದ್ದನ್ನು ಬರೆಯಲಿಲ್ಲ. 2025ರಲ್ಲಿ, 37ರ ವಯಸ್ಸಿನಲ್ಲಿ ಅದೇ ಟೆಕ್ಸಸ್ಸಿಗಾಗಿ ಅವರು 30 ಪಂದ್ಯ ಆಡಿದರು. ಸ್ಟ್ರಾಸ್‌ಬರ್ಗ್‌ಗೆ ಆ ದುಡ್ಡು ಸಿಕ್ಕಿದ್ದು ಯಾಕೆ ಅನ್ನುವುದನ್ನೂ ಬಿಟ್ಟಿರಿ. 2019ರ ಪ್ಲೇಆಫಿನಲ್ಲಿ ಐದು ಪಂದ್ಯ ಗೆದ್ದು, ಒಂದನ್ನೂ ಸೋಲದೆ (ಬೇಸ್‌ಬಾಲಿನಲ್ಲಿ ಗೆಲುವು ಸೋಲನ್ನು ಪಿಚರ್ ಲೆಕ್ಕಕ್ಕೂ ಬರೆಯುತ್ತಾರೆ), ವಾಷಿಂಗ್ಟನ್ನಿಗೆ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಕಪ್, ತಂದುಕೊಟ್ಟ ತೋಳು ಅದು. ಆ ಅಕ್ಟೋಬರಿನಲ್ಲಿ ಅದನ್ನು ಹಿಂಡಿ ರಸ ತೆಗೆದವರು, ಡಿಸೆಂಬರಿನಲ್ಲಿ ಸಿಪ್ಪೆಗೆ ಬೆಲೆ ಕಟ್ಟಿದರು. ತಪ್ಪು ಯಾರದು?

ಮೊಣಕೈಯ ಒಳಮಗ್ಗುಲಲ್ಲಿ ಮೂಳೆಗಳನ್ನು ಹಿಡಿದಿಡುವ ಒಂದು ಸಣ್ಣ ಕಟ್ಟು ಇರುತ್ತದೆ. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಚೆಂಡು ಬಿಡುವವನ ಒಂದೊಂದು ಎಸೆತಕ್ಕೂ ಅದು ಹರಿಯುವ ಅಂಚಿಗೆ ಹೋಗಿ ಬರುತ್ತದೆ. ಮೊದಲೆಲ್ಲ ಹರಿದರೆ ಹರಿಯಿತು, ಊರಿಗೆ ವಾಪಸ್. 1974ರಲ್ಲಿ ಲಾಸ್ ಏಂಜಲಿಸ್‌ನ ಡಾಕ್ಟರ್ ಫ್ರಾಂಕ್ ಜೋಬ್ ಅವರು ಎಡಗೈ ಪಿಚರ್ ಟಾಮಿ ಜಾನ್ ಅವರ ಬಲಗೈಯಿಂದ ಒಂದು ನರದಂಥ ಎಳೆ ತೆಗೆದು ಎಡ ಮೊಣಕೈಗೆ ಹೊಲಿದರು. ಆವರೆಗೆ 124 ಪಂದ್ಯ ಗೆದ್ದಿದ್ದ ಜಾನ್ ಆಮೇಲೆ 164 ಗೆದ್ದರು. ಆ ಶಸ್ತ್ರಚಿಕಿತ್ಸೆಗೆ ಇವತ್ತಿಗೂ ವೈದ್ಯರ ಹೆಸರಲ್ಲ, ರೋಗಿಯ ಹೆಸರು. ನನಗೆ ಅದು ಬಹಳ ಇಷ್ಟ.

ಈಗ ನನ್ನ ಕಥೆ ಸ್ವಲ್ಪ ಕೇಳಬೇಕು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಸೇರಿದ ದಿನವೇ ಧಣಿಗಳು ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಅಸಲು ಪ್ರತಿಯನ್ನು ಇಸಿದುಕೊಂಡು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಭದ್ರವಾಗಿರ್ತದೆ ಕಣಯ್ಯ. ನಿನ್ ರೂಮಲ್ಲಿ ಇಲಿ ಕಡಿದ್ರೆ ಏನ್ ಮಾಡ್ತೀಯ?" ಎಂದರು. ಅಂಥ ಕಾಳಜಿ! ಎರಡು ವರ್ಷದ ಮೇಲೆ ಇನ್ನೊಂದು ಪ್ರೆಸ್ಸಿನವರು ತಿಂಗಳಿಗೆ 40 ರೂಪಾಯಿ ಹೆಚ್ಚು ಕೊಡುತ್ತೇವೆ ಬಾ ಎಂದರು. ಮಾರ್ಕ್ಸ್ ಕಾರ್ಡ್ ಕೇಳಲು ಹೋದೆ. ಬೀಗದ ಕೈ ಊರಲ್ಲಿದೆ ಎಂದರು. ಮುಂದಿನ ವಾರ ಕೇಳಿದೆ, ಶುಭದಿನ ಅಲ್ಲ ಎಂದರು. ಹೀಗೆ 14 ತಿಂಗಳು. ಕೊನೆಗೆ ಧಣಿಗಳ ತಾಯಿ ತೀರಿಕೊಂಡ ದಿನ, ಖರ್ಚಿನ ದುಡ್ಡಿಗೆಂದು ಬೀರು ತೆಗೆದಾಗ, ಗುಮಾಸ್ತರು ಅದನ್ನು ಹಳೆಯ ಗ್ಯಾಲಿ ಹಾಳೆಗಳ ನಡುವೆ ಮಡಿಸಿ ನನ್ನ ಕೈಗಿಟ್ಟರು. ಇಲಿ ಕಡಿದಿರಲಿಲ್ಲ. ಗುಂಡುಸೂಜಿ ಮಾತ್ರ ತುಕ್ಕು ಹಿಡಿದು ನನ್ನ ಗಣಿತದ ಅಂಕದ ಮೇಲೆ ಕಂದು ಕಲೆ ಮಾಡಿತ್ತು. ಅದರಿಂದ ಆದ ನಷ್ಟ ಅಷ್ಟೇನಿಲ್ಲ ಬಿಡಿ.

ಬೇಸ್‌ಬಾಲಿನಲ್ಲಿ ಆ ಬೀರುವಿನ ಹೆಸರು 'ರಿಸರ್ವ್ ಕ್ಲಾಜ್'. 1879ರಲ್ಲಿ ಮಾಲೀಕರು ಒಳಗೊಳಗೇ ಮಾಡಿಕೊಂಡ ಕರಾರು ಅದು. ಆಟಗಾರನ ಒಪ್ಪಂದ ಮುಗಿದರೂ ಅವನ ಮೇಲಿನ ಹಕ್ಕು ಮುಗಿಯುವುದಿಲ್ಲ. ತಂಡ ಬೇಕೆಂದರೆ ಇಟ್ಟುಕೊಳ್ಳಬಹುದು, ಮಾರಬಹುದು, ಕೈಬಿಡಬಹುದು. ಆಟಗಾರ ಮಾತ್ರ ತಾನಾಗಿ ಹೊರಡುವಂತಿಲ್ಲ. ಸುಮಾರು ನೂರು ವರ್ಷ ಹೀಗೇ ನಡೆಯಿತು. 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬೇಸ್‌ಬಾಲ್ ಅಂತರರಾಜ್ಯ ವ್ಯಾಪಾರವೇ ಅಲ್ಲ, ಏಕಸ್ವಾಮ್ಯ ತಡೆಯುವ ಕಾಯ್ದೆ ಅದಕ್ಕೆ ತಾಗುವುದಿಲ್ಲ ಎಂದುಬಿಟ್ಟಿತು. ಊರಿಂದೂರಿಗೆ ರೈಲು ಹತ್ತಿ ಹೋಗಿ ಟಿಕೆಟ್ ಮಾರಿ ಆಡುವ ಆಟ ವ್ಯಾಪಾರವಲ್ಲವಂತೆ!

ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ 12 ವರ್ಷ ಆಡಿದ್ದ ಕರ್ಟ್ ಫ್ಲಡ್‌ರನ್ನು 1969ರಲ್ಲಿ ಫಿಲಡೆಲ್ಫಿಯಾಕ್ಕೆ ದಾಟಿಸಿದರು. ನಿಷ್ಠೆಯ ಮಾತೆತ್ತಿದ್ದೀರಲ್ಲ, ಈ 12 ವರ್ಷವನ್ನು ಸ್ವಲ್ಪ ನೆನಪಿನಲ್ಲಿಡಿ. ಫ್ಲಡ್ ಹೋಗಲಿಲ್ಲ. ಆ ವರ್ಷದ ಕ್ರಿಸ್‌ಮಸ್ ಹಿಂದಿನ ದಿನ ಲೀಗಿನ ಕಮಿಷನರಿಗೆ ಪತ್ರ ಬರೆದರು: ನನ್ನ ಇಷ್ಟವನ್ನು ಕೇಳದೆ ಕೊಳ್ಳುವ ಮಾರುವ ಸ್ವತ್ತು ನಾನಲ್ಲ. ವರ್ಷಕ್ಕೆ 90 ಸಾವಿರ ಡಾಲರ್ ಸಂಬಳವಿರುವವನಿಗೆ ಗುಲಾಮಗಿರಿಯ ಮಾತೇ ಎಂದು ಕೇಳಿದವರಿಗೆ, ಒಳ್ಳೆ ಸಂಬಳದ ಗುಲಾಮನೂ ಗುಲಾಮನೇ ಎಂದರು. ಕೋರ್ಟಿನಲ್ಲಿ ಅವರ ಪರ ಸಾಕ್ಷಿ ಹೇಳಲು ನಿವೃತ್ತರಾಗಿದ್ದ ಜಾಕಿ ರಾಬಿನ್ಸನ್ ಬಂದರು, ಹ್ಯಾಂಕ್ ಗ್ರೀನ್‌ಬರ್ಗ್ ಬಂದರು. ಆಗ ಆಡುತ್ತಿದ್ದ ಆಟಗಾರ ಒಬ್ಬನೂ ಬರಲಿಲ್ಲ. ಎಲ್ಲರ ಮಾರ್ಕ್ಸ್ ಕಾರ್ಡೂ ಬೀರುವಿನಲ್ಲಿತ್ತಲ್ಲ! 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5–3 ಮತಗಳಿಂದ ಫ್ಲಡ್ ಸೋತರು.

(ಮಾಲೀಕರಲ್ಲಿ ಒಳ್ಳೆಯವರೇ ಇಲ್ಲ ಎಂದಲ್ಲ. ಫ್ಲಡ್ ಪರ ಸಾಕ್ಷಿ ನುಡಿದವರಲ್ಲಿ ಬಿಲ್ ವೀಕ್ ಒಬ್ಬರು, ಮೂರು ತಂಡಗಳ ಮಾಲೀಕರಾಗಿದ್ದವರು. ಅವರ ಇನ್ನೊಂದು ಕರಾಮತ್ತನ್ನು ಮುಂದೆ ಹೇಳುತ್ತೇನೆ.)

ನೀವು ಬೈದಿರುವ ಪಿಚರ್‌ಗಳು ಬರುವುದು ಇಲ್ಲಿ. ಫ್ಲಡ್ ಸೋತ ಜಾಗದಲ್ಲಿ ಗೆದ್ದವರು ಅವರೇ. ಓಕ್ಲಂಡಿನ ಮಾಲೀಕ ಚಾರ್ಲಿ ಫಿನ್ಲಿ, ಪಿಚರ್ ಕ್ಯಾಟ್‌ಫಿಶ್ ಹಂಟರ್‌ಗೆ ಒಪ್ಪಂದದ ಪ್ರಕಾರ ವಿಮೆಗೆ ಕಟ್ಟಬೇಕಿದ್ದ 50 ಸಾವಿರ ಡಾಲರ್ ಕಟ್ಟಲಿಲ್ಲ. 1974ರ ಡಿಸೆಂಬರಿನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಜ್, ಮಾತು ತಪ್ಪಿದ್ದು ಮಾಲೀಕ, ಹಂಟರ್ ಇನ್ನು ಸ್ವತಂತ್ರ ಎಂದರು. ತಂಡದವರೆಲ್ಲ ಉತ್ತರ ಕೆರೊಲಿನಾದ ಮೂಲೆಯ ಸಣ್ಣ ಊರಿಗೆ, ಹಂಟರ್‌ರ ವಕೀಲರ ಆಫೀಸಿಗೆ ಸಾಲುಗಟ್ಟಿ ಬಂದರು. ವರ್ಷದ ಕೊನೆಯ ದಿನ ಯಾಂಕೀಸ್ ಜೊತೆ ಸಹಿಯಾಯಿತು, ಐದು ವರ್ಷಕ್ಕೆ 30 ಲಕ್ಷ ಡಾಲರಿಗೂ ಮೇಲೆ. ಒಬ್ಬ ಪಿಚರ್‌ನ ನಿಜವಾದ ಪೇಟೆ ಬೆಲೆ ಎಷ್ಟೆಂದು ಉಳಿದವರಿಗೆಲ್ಲ ಗೊತ್ತಾದದ್ದು ಅವತ್ತು.

ಮರುವರ್ಷ ಡಾಡ್ಜರ್ಸ್‌ನ ಪಿಚರ್ ಆಂಡಿ ಮೆಸರ್‌ಸ್ಮಿತ್ ಕೇಳಿದ್ದು, ನನ್ನನ್ನು ಕೇಳದೆ ಬೇರೆ ತಂಡಕ್ಕೆ ಮಾರಬೇಡಿ ಎಂಬ ಒಂದು ಸಾಲು. ಕೊಡಲಿಲ್ಲ. ಅವರು ಸಹಿ ಹಾಕದೆಯೇ ಇಡೀ ಸೀಸನ್ ಆಡಿದರು. ಕೈ ಸೋತು ಆಗಲೇ ಮನೆಗೆ ಹೋಗಿದ್ದ ಡೇವ್ ಮೆಕ್‌ನ್ಯಾಲಿ ಎಂಬ ಇನ್ನೊಬ್ಬ ಪಿಚರ್, ತನಗೆ ಅದರಿಂದ ಒಂದು ಕಾಸಿನ ಲಾಭವಿಲ್ಲದಿದ್ದರೂ, ದಾವೆಗೆ ಹೆಸರು ಕೊಟ್ಟರು. 1975ರ ಡಿಸೆಂಬರ್ 23ರಂದು ಅದೇ ಸೈಟ್ಜ್ ತೀರ್ಪು ಕೊಟ್ಟರು: ಒಂದು ವರ್ಷ ಎಂದು ಬರೆದರೆ ಅದರ ಅರ್ಥ ಒಂದೇ ವರ್ಷ. ಮಾಲೀಕರು ಅವತ್ತೇ ಸೈಟ್ಜ್‌ರನ್ನು ಕೆಲಸದಿಂದ ತೆಗೆದರು.

ಅದೇ ವರ್ಷ ಅಕ್ಟೋಬರಿನಲ್ಲಿ ಇತ್ತ ನಮ್ಮ ದೇಶದಲ್ಲಿ ಜೀತಪದ್ಧತಿ ರದ್ದು ಮಾಡುವ ಸುಗ್ರೀವಾಜ್ಞೆ ಬಂದಿತ್ತು. ಕೋಟ್ಯಧೀಶ ಆಟಗಾರನನ್ನು ಗೌಡರ ಕೊಟ್ಟಿಗೆಯ ಜೀತದಾಳಿನ ಪಕ್ಕ ನಿಲ್ಲಿಸುವುದು ಅತಿಯಾಯಿತು, ನನಗೂ ಗೊತ್ತು. ಆದರೂ ಎರಡು ತಿಂಗಳ ಅಂತರದ ಆ ಎರಡು ಕಾಗದಗಳು ನನ್ನ ತಲೆಯಲ್ಲಿ ಯಾವಾಗಲೂ ಒಟ್ಟಿಗೇ ಇರುತ್ತವೆ.

ಮೆಸರ್‌ಸ್ಮಿತ್ ಮುಂದೇನಾದರು ಗೊತ್ತೆ? ಅಟ್ಲಾಂಟಾ ತಂಡವನ್ನು ಆಗಷ್ಟೇ ಕೊಂಡಿದ್ದ ಟೆಡ್ ಟರ್ನರ್ ಅವರನ್ನು ಕರೆದುಕೊಂಡರು, 17ನೇ ನಂಬರಿನ ಅಂಗಿ ಕೊಟ್ಟರು. ಬೆನ್ನ ಮೇಲೆ ಹೆಸರಿರುವ ಜಾಗದಲ್ಲಿ ಬರೆಸಿದ್ದು 'ಚಾನೆಲ್'. ಟರ್ನರ್ ಅವರ ಟೀವಿ ಕೇಂದ್ರ ಚಾನೆಲ್ 17! ಆ ತೀರ್ಪಿನಿಂದ ಬಿಡುಗಡೆ ಪಡೆದವನ ಬೆನ್ನು ಜಾಹೀರಾತಿನ ಹಲಗೆಯಾಯಿತು. ಲೀಗಿನವರು ಅದನ್ನು ತೆಗೆಸಿದರು. ಮಾಲೀಕರ ಸ್ವಭಾವಕ್ಕೆ ಇದಕ್ಕಿಂತ ಒಳ್ಳೆ ಫೋಟೋ ಬೇಡ.

ನೀವು ಅಂದುಕೊಂಡಿರುವ ಹಾಗೆ ಈ ಬಿಡುಗಡೆ ಪೂರ್ತಿಯದೂ ಅಲ್ಲ. ಫಿನ್ಲಿ ಜಿಪುಣ, ಆದರೆ ಲೆಕ್ಕದಲ್ಲಿ ಜಾಣ. ಎಲ್ಲರನ್ನೂ ಪ್ರತಿ ವರ್ಷವೂ ಫ್ರೀ ಏಜೆಂಟ್ ಮಾಡಿಬಿಡಿ, ಸಂತೆಗೆ ಸರಕು ಹೆಚ್ಚಾದರೆ ಬೆಲೆ ತಾನಾಗಿ ಇಳಿಯುತ್ತದೆ ಎಂದರು. ಆಟಗಾರರ ಸಂಘದ ಮಾರ್ವಿನ್ ಮಿಲ್ಲರ್‌ಗೆ ನಿಜವಾಗಿ ಭಯವಿದ್ದದ್ದು ಅದೊಂದಕ್ಕೇ. ಮಾಲೀಕರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೈಯಲ್ಲಿ ಹಿಡಿದಿಡುವ ಆಸೆ ದೊಡ್ಡದು. ಕೊನೆಗೆ ಆರು ವರ್ಷ ಆಡಿದ ಮೇಲೆ ಬಿಡುಗಡೆ ಎಂದು ರಾಜಿಯಾಯಿತು, ಇವತ್ತಿಗೂ ಅದೇ. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸು. ಪಿಚರ್‌ನ ತೋಳು ಅತ್ಯಂತ ಚುರುಕಾಗಿರುವುದು ಆ ವರ್ಷಗಳಲ್ಲೇ. 30ರ ಹತ್ತಿರ ಬಂದಾಗ ಸಿಗುವ ಆ ದೊಡ್ಡ ಮೊತ್ತವಿದೆಯಲ್ಲ, ನೀವು ಅದನ್ನು ದುರಾಸೆ ಅನ್ನುತ್ತೀರಿ. ನಾನು ಅದನ್ನು ಬಾಕಿ ವಸೂಲಿ ಅನ್ನುತ್ತೇನೆ. ಅದನ್ನೂ ಕೊಡದಿರಲು 1985ರಿಂದ ಮೂರು ಚಳಿಗಾಲ ಮಾಲೀಕರು ಒಳಸಂಚು ಮಾಡಿ, ಯಾರೂ ಇನ್ನೊಬ್ಬರ ಆಟಗಾರನನ್ನು ಕರೆಯಬಾರದು ಎಂದು ಕೂಡಿಕೊಂಡಿದ್ದರು. ಆಗಿನ ಅತ್ಯುತ್ತಮ ಪಿಚರ್‌ಗಳಲ್ಲೊಬ್ಬರಾದ ಜ್ಯಾಕ್ ಮಾರಿಸ್ ತಾವೇ ಬಾಗಿಲಿಗೆ ಹೋಗಿ ತಟ್ಟಿದರೂ ಯಾರೂ ತೆಗೆಯಲಿಲ್ಲ. ಸಿಕ್ಕಿಬಿದ್ದು ಆಟಗಾರರಿಗೆ 28 ಕೋಟಿ ಡಾಲರ್ ಪರಿಹಾರ ಕಟ್ಟಿದರು.

ಮತ್ತೆ ನನ್ನ ಪ್ರೆಸ್ಸಿಗೆ. ಅಲ್ಲಿ ಒಬ್ಬರು ಹಿರಿಯ ಕಂಪೋಸಿಟರ್ ಇದ್ದರು. ಅಚ್ಚಿನ ಮೊಳೆ ಆಯುವಾಗ ಅವರ ಕೈ ಕಾಣಿಸುತ್ತಿರಲಿಲ್ಲ, ಸ್ಟಿಕ್ಕಿನಲ್ಲಿ ಸಾಲು ಬೆಳೆಯುವುದು ಮಾತ್ರ ಕಾಣಿಸುತ್ತಿತ್ತು. ಐವತ್ತು ದಾಟುವಾಗ ಕಣ್ಣು ಮಂಜಾಯಿತು. ಮೊದಲ ಸುಳಿವು ಸಿಕ್ಕಿದ್ದು ನನಗೇ: ಕರಡಿನಲ್ಲಿ 'ಪ' ಇರಬೇಕಾದಲ್ಲಿ 'ಷ', 'ಷ' ಇರಬೇಕಾದಲ್ಲಿ 'ಪ'. ಒಂದಷ್ಟು ದಿನ ನಾನು ಸದ್ದಿಲ್ಲದೆ ತಿದ್ದಿದೆ. ಆಮೇಲೆ ಒಂದು ಮದುವೆ ಕಾಗದದಲ್ಲಿ ತಪ್ಪು ಹಾಗೇ ಅಚ್ಚಾಯಿತು. ಧಣಿಗಳು ಅವರನ್ನು ಕಾಗದ ಮಡಿಸುವ ಕೆಲಸಕ್ಕೆ ಹಾಕಿದರು, ಅರ್ಧ ಸಂಬಳ. ಅಲ್ಲಿಗೆ ಅವರದು 27 ವರ್ಷದ ಸೇವೆ. ಟ್ರೆಡಲ್ ಯಂತ್ರಕ್ಕೆ ಮಾತ್ರ ಲೆಕ್ಕದ ಪುಸ್ತಕದಲ್ಲಿ ವರ್ಷ ವರ್ಷವೂ ಸವಕಳಿ ಬರೆಯುತ್ತಿದ್ದರು.

ಬಿಲ್ ವೀಕ್ ಅವರ ಕರಾಮತ್ತು ಇದೇ ಸವಕಳಿ. ಆಟಗಾರರೂ ದನಕರು, ಯಂತ್ರದ ಹಾಗೆ ಸವೆಯುವ ಆಸ್ತಿ, ಆದ್ದರಿಂದ ತಂಡ ಕೊಂಡವನಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡಬೇಕು ಎಂಬ ವಾದ ಹುಡುಕಿದವರು ಅವರೇ. ಈಗ ಅದು ಇನ್ನೂ ಬೆಳೆದಿದೆ. ತಂಡ ಕೊಂಡ ಬೆಲೆಯ ಬಹುಪಾಲನ್ನು 15 ವರ್ಷಗಳಲ್ಲಿ ಸವಕಳಿಯೆಂದು ತೋರಿಸಬಹುದು. ಯಾಂಕೀಸ್ ತಂಡ 1973ರಲ್ಲಿ ಸುಮಾರು 1 ಕೋಟಿ ಡಾಲರಿಗೆ ಮಾರಾಟವಾಗಿತ್ತು. ಇವತ್ತು ಅದರ ಅಂದಾಜು ಬೆಲೆ 800 ಕೋಟಿಗೂ ಮೇಲೆ. ಹೀಗೆ ಬೆಳೆಯುವ ಆಸ್ತಿಗೆ ಸವಕಳಿ! ಸವೆಯುವುದು ಪಿಚರ್‌ನ ಮೊಣಕೈ, ರಿಯಾಯಿತಿ ಮಾಲೀಕನಿಗೆ. ನೀವು ಇಂಜಿನಿಯರೋ ಲೆಕ್ಕಿಗರೋ ತಿಳಿಯದು, ಈ ಲೆಕ್ಕ ಮಾತ್ರ ಒಮ್ಮೆ ಹಾಕಿ ನೋಡಿ.

ನಿಮ್ಮ ಊರಿಗೇ ಬರೋಣ. ಮಗಳ ಮನೆಗೆ ಬಂದಿದ್ದಾಗ ನಾನೂ ನಿಮ್ಮ ಮೈದಾನಕ್ಕೆ ಹೋಗಿದ್ದೆ. ಹಳದಿ ಬಣ್ಣದ ಕ್ಲೆಮೆಂಟೆ ಸೇತುವೆ, ಆಚೆ ಊರಿನ ಎತ್ತರದ ಕಟ್ಟಡಗಳು, ಈಚೆ ಕಡಲೆಕಾಯಿ ಸುಲಿಯುತ್ತ ಕೂತ ಜನ. ನಡುವೆ ಕರ್ಜಿಕಾಯಿಯಂಥ ಪಿರೋಗಿ ತಿಂಡಿಯ ವೇಷ ಹಾಕಿಕೊಂಡವರ ಓಟದ ಪಂದ್ಯ. ನನ್ನ ಮೊಮ್ಮಗ ಆಟಕ್ಕಿಂತ ಅದಕ್ಕೇ ಹೆಚ್ಚು ಕೂಗಿದ. ಪಕ್ಕದಲ್ಲಿ ಕೂತಿದ್ದ ಹಿರಿಯರು ರಾಬರ್ಟೊ ಕ್ಲೆಮೆಂಟೆಯ 21ನೇ ನಂಬರಿನ ಅಂಗಿ ತೊಟ್ಟಿದ್ದರು. ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುವಾಗ 1972ರ ಕೊನೆಯ ದಿನ ವಿಮಾನ ಬಿದ್ದು ತೀರಿಕೊಂಡ ಪೈರೇಟ್ಸ್ ಆಟಗಾರ ಕ್ಲೆಮೆಂಟೆ. ಈಗಿನ ಆಟಗಾರರ ಅಂಗಿ ಯಾಕೆ ಹಾಕಲಿಲ್ಲ ಎಂದು ಅಳಿಯನ ಮೂಲಕ ಕೇಳಿದೆ. "ಈಗಿನವರ ಅಂಗಿ ಕೊಂಡರೆ ಎರಡು ವರ್ಷಕ್ಕೆ ಅವರನ್ನು ಮಾರಿಬಿಡ್ತಾರೆ. ಇವರನ್ನು ಯಾರೂ ಮಾರಲಾರರು" ಎಂದರು.

ಗಮನಿಸಿ, 'ಬಿಟ್ಟು ಹೋಗ್ತಾರೆ' ಅನ್ನಲಿಲ್ಲ, 'ಮಾರ್ತಾರೆ' ಎಂದರು. ಪಿಚರ್ ಗೆರಿಟ್ ಕೋಲ್‌ರನ್ನು ಪೈರೇಟ್ಸ್ 2011ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಮೊಟ್ಟಮೊದಲ ಆಯ್ಕೆಯಾಗಿ ತಂದಿತು. ಅವರು ಬಿಟ್ಟು ಹೋದರೇ? ಇಲ್ಲ, 2018ರ ಜನವರಿಯಲ್ಲಿ ಹ್ಯೂಸ್ಟನ್ನಿಗೆ ಇವರೇ ದಾಟಿಸಿದರು. ಎರಡು ವರ್ಷ ಕಳೆಯುವ ಮೊದಲೇ ಯಾಂಕೀಸ್ ಅವರಿಗೆ 32.4 ಕೋಟಿ ಡಾಲರ್ ಕೊಟ್ಟಿತು. ಮೂವತ್ತೂ ತಂಡಗಳು ತಂತಮ್ಮ ಸ್ಥಳೀಯ ಆದಾಯದ ಶೇಕಡ 48ನ್ನು ಒಂದೇ ಹುಂಡಿಗೆ ಹಾಕಿ ಸಮನಾಗಿ ಹಂಚಿಕೊಳ್ಳುತ್ತವೆ, ಅಂದರೆ ಸಣ್ಣ ಊರಿನ ಮಾಲೀಕನಿಗೆ ದೊಡ್ಡ ಊರಿನ ದುಡ್ಡೂ ಬರುತ್ತದೆ. ಆದರೂ 2015ರ ಮೇಲೆ 2025ರವರೆಗೆ ನಿಮ್ಮ ತಂಡ ಪ್ಲೇಆಫಿನ ಮುಖ ನೋಡಿಲ್ಲ.

ಇನ್ನು 'ತಂಡ ಅವನದು' ಎಂಬ ನಿಮ್ಮ ಮಾತು. ನಿಮ್ಮ ಆ ಚೆಂದದ ಮೈದಾನ ಎದ್ದದ್ದು ಬಹುಪಾಲು ಸಾರ್ವಜನಿಕರ ದುಡ್ಡಿನಲ್ಲಿ. ಓಕ್ಲಂಡಿನಲ್ಲಿ 2023ರ ಜೂನ್ 13ರಂದು, ಬಿಕೋ ಎನ್ನುತ್ತಿದ್ದ ಮೈದಾನಕ್ಕೆ 27 ಸಾವಿರ ಜನ ಬೇಕೆಂದೇ ಬಂದು, 'ಮಾರು' ಎಂದು ಬರೆದ ಹಸಿರು ಅಂಗಿ ತೊಟ್ಟು, ಮಾಲೀಕ ಜಾನ್ ಫಿಶರ್‌ಗೆ ತಂಡ ಮಾರಿ ತೊಲಗು ಎಂದರು. ಅದೇ ವಾರ ನೆವಾಡಾ ಸರ್ಕಾರ ಲಾಸ್ ವೇಗಸ್ಸಿನಲ್ಲಿ ಹೊಸ ಮೈದಾನಕ್ಕೆ 38 ಕೋಟಿ ಡಾಲರ್ ಮಂಜೂರು ಮಾಡಿತು. 57 ಸೀಸನ್ ಇದ್ದ ಊರನ್ನು 2024ರಲ್ಲಿ ತಂಡ ಬಿಟ್ಟಿತು. ನಿಷ್ಠೆಯಿಲ್ಲದ ಪಿಚರ್ ಒಬ್ಬನೇ ಹೋಗುತ್ತಾನೆ. ಮಾಲೀಕ ಹೋದರೆ ಇಡೀ ತಂಡವನ್ನೇ ಗಂಟುಕಟ್ಟಿ ಒಯ್ಯುತ್ತಾನೆ.

ಸ್ಯಾನ್ ಡಿಯಾಗೊದಲ್ಲಿ ಜೋನ್ ಕ್ರಾಕ್ ಎಂಬ ಹೆಂಗಸು ಇದ್ದರು, ಗಂಡ ತೀರಿಕೊಂಡ ಮೇಲೆ ಪಾಡ್ರೇಸ್ ತಂಡ ಅವರ ಕೈಗೆ ಬಂದಿತ್ತು. ತಂಡವನ್ನು ಊರಿಗೇ ದಾನ ಕೊಡುತ್ತೇನೆ ಎಂದರು. ಉಳಿದ ಮಾಲೀಕರು ಒಪ್ಪಲಿಲ್ಲ. ಊರಿನ ಸ್ವತ್ತಾದ ತಂಡ ಒಂದು ನಡೆದು ತೋರಿಸಿಬಿಟ್ಟರೆ ಉಳಿದವರ ಗತಿಯೇನು?

ನನಗೆ ಅರ್ಥವಾಗದ್ದು ನಮ್ಮವರ ಮನಸ್ಸು. ಕೂಲಿಯವನು ಹತ್ತು ರೂಪಾಯಿ ಹೆಚ್ಚು ಕೇಳಿದರೆ ಕಾಲ ಕೆಟ್ಟಿತು ಎನ್ನುತ್ತೇವೆ. ಧಣಿ ಹತ್ತು ಕೋಟಿ ಹೆಚ್ಚು ದುಡಿದರೆ ಎಂಥ ಬುದ್ಧಿವಂತ ಎನ್ನುತ್ತೇವೆ. ಡಾಲರ್ ದೇಶಕ್ಕೆ ಹೋಗಿ 22 ವರ್ಷ ದುಡಿದವರಿಗೂ ಇದು ಬಿಟ್ಟಿಲ್ಲ. ಹಾಗೆ ನೋಡಿದರೆ, ದಾವಣಗೆರೆಯಿಂದ ಪಿಟ್ಸ್‌ಬರ್ಗಿಗೆ ಒಳ್ಳೆ ಸಂಬಳ ಹುಡುಕಿಕೊಂಡು ಹೋದ ನೀವು ಯಾರು ಸ್ವಾಮಿ, ಫ್ರೀ ಏಜೆಂಟ್ ಅಲ್ಲವೆ? ನಿಮ್ಮನ್ನು ಬೆಳೆಸಿದ ಊರಿಗೆ ನಿಷ್ಠೆಯಿಲ್ಲ ಎಂದು ಯಾರಾದರೂ ಅಂದರೆ ನಿಮಗೆ ಹೇಗಾಗುತ್ತದೆ? ಇಲ್ಲಿ ಬೆಂಗಳೂರಲ್ಲೂ ಅಷ್ಟೇ. 'ಈ ಸಲ ಕಪ್ ನಮ್ದೇ' ಎಂದು ಕೂಗಿ ಕೂಗಿ 18ನೇ ಸೀಸನ್ನಿನಲ್ಲಿ, 2025ರಲ್ಲಿ, ಐಪಿಎಲ್ ಕಪ್ ಕಂಡೆವು. ಆ 'ನಮ್ದೇ' ಎಂಬುದರಲ್ಲಿ ನಮ್ಮದು ಕೂಗು ಮಾತ್ರ. ತಂಡ ಆಗ ಹೆಂಡದ ಕಂಪನಿಯದಾಗಿತ್ತು, ಆಟಗಾರರು ಬಹುಪಾಲು ಹರಾಜಿನಲ್ಲಿ ಬಂದವರು.

ನಿಷ್ಠೆ ನೋಡಬೇಕೆಂದರೆ 2025ರ ನವೆಂಬರ್ 1ರ ರಾತ್ರಿಯನ್ನು ಮಗನಿಗೆ ತೋರಿಸಿ. ಯೊಶಿನೊಬು ಯಮಾಮೊಟೊ, ಅಮೆರಿಕದಲ್ಲಿ ಒಂದು ಎಸೆತವನ್ನೂ ಎಸೆಯುವ ಮೊದಲೇ ಡಾಡ್ಜರ್ಸ್ ಜೊತೆ 12 ವರ್ಷಕ್ಕೆ 32.5 ಕೋಟಿ ಡಾಲರಿಗೆ ಸಹಿ ಹಾಕಿದವರು. ನಿಮ್ಮ ಲೆಕ್ಕದಲ್ಲಿ ಪಕ್ಕಾ ದುಡ್ಡಿನ ಮನುಷ್ಯ. ಟೊರಾಂಟೊದಲ್ಲಿ ವರ್ಲ್ಡ್ ಸೀರೀಸಿನ ಆರನೇ ಪಂದ್ಯಕ್ಕೆ 96 ಎಸೆತ ಎಸೆದು ಗೆದ್ದರು. ಅಂಥವರಿಗೆ ಕನಿಷ್ಠ ನಾಲ್ಕು ದಿನ ವಿಶ್ರಾಂತಿ ರೂಢಿ. ಮರುದಿನವೇ ಏಳನೇ ಪಂದ್ಯದ ಕೊನೆಗೆ ಮತ್ತೆ ಬಂದು, 34 ಎಸೆತ ಎಸೆದು, 11ನೇ ಇನ್ನಿಂಗ್ಸಿನಲ್ಲಿ ಮುಗಿಸಿದರು. ಆ ಮೊಣಕೈಯ ಮುಂದಿನ ಹತ್ತು ವರ್ಷ ಅವರೊಬ್ಬರದೇ.

ಸ್ಕೀನ್ಸ್ ಬಗ್ಗೆ ಮಗನಿಗೆ ಏನು ಹೇಳಲಿ ಎಂದಿರಿ. ಇದ್ದದ್ದನ್ನು ಹೇಳಿ. 2024ರಲ್ಲಿ ಬಂದರು, 2025ರಲ್ಲಿ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು, ಬಿಡುಗಡೆ ಸಿಗುವುದು 2029ರ ಸೀಸನ್ ಮುಗಿದ ಮೇಲೆ. ಉಳಿಸಿಕೊಳ್ಳುವ ಮನಸ್ಸಿದ್ದರೆ ಮಾಲೀಕರಿಗೆ ಸಮಯ ಇದೆ, ದುಡ್ಡೂ ಇದೆ. ಅಂಗಿ ಕೊಡಿಸುವುದಾದರೆ ಈಗಲೇ ಕೊಡಿಸಿ.

ಈಗ ಆ ಪಿಡಿಎಫ್. ನಮ್ಮ ಪತ್ರಿಕೆಗೆ ಬರೆಯುವವರಿಗೆ ಸಂಭಾವನೆ ಕೊಡುತ್ತೇವೆ, ಕಡಿಮೆ, ಆದರೂ ಕೊಡುತ್ತೇವೆ. ಅದು ಬರುವುದು ಚಂದಾದಿಂದ. ಮೈದಾನದಲ್ಲಿ ಒಂದು ಲೋಟ ಬಿಯರಿಗೆ ನೀವು ಕೊಡುವ ದುಡ್ಡಿಗೆ ನಮ್ಮ ಪತ್ರಿಕೆ ಎಷ್ಟು ತಿಂಗಳು ಬರುತ್ತದೆ ಎಂದು ಲೆಕ್ಕ ಹಾಕಿ ನನಗೆ ಬರೆಯಬೇಡಿ, ಬೇಜಾರಾಗುತ್ತದೆ. ಚಂದಾ ವಿವರ ಮೂರನೇ ಪುಟದಲ್ಲಿದೆ. ನಿಮ್ಮ ಗುಂಪಿನ ಪಿಡಿಎಫಿನಲ್ಲಿ ಆ ಪುಟವನ್ನು ಯಾರೋ ತೆಗೆದಿರುತ್ತಾರಂತೆ, ಹಾಗೆಂದು ಕೇಳಿದ್ದೇನೆ.